ಉಗುರಿನ ಮೇಲೆ ಗುಲಾಬಿ

ಪಾರ್ವತಿನಗರದಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಬಾದನಹಟ್ಟಿಯ ಮದುವೆ ಹುಡುಗಿಯೊಬ್ಬಳು ನಾದಿನಿಯಾಗುವವರ, ಅಂದರೆ ವರನ ಅಕ್ಕನ ಜೊತೆ ಬಂದಿದ್ದಳು. ಹುಡುಗಿಯ ಉಗುರಿನ ಮೇಲೆ, ಲ್ಯಾಂಪಿನ ಬೆಳಕಿಗೆ ಗಟ್ಟಿಯಾಗುವ ಜೆಲ್ ಬಣ್ಣದಲ್ಲಿ ಉಬ್ಬಿದ ಗುಲಾಬಿ ಮಾಡಬೇಕು ಅಂತ ನಾದಿನಿಯ ಹಟ. ಹುಡುಗಿಯ ಬೆರಳು ನೋಡಿದೆ. ಹಿಂದೊಮ್ಮೆ ಜೆಲ್ ಹಚ್ಚಿಸಿಕೊಂಡು ಗುಳ್ಳೆ ಎದ್ದಿದ್ದ ಕಲೆ ಇನ್ನೂ ಇತ್ತು.

"ಈಕಿ ಚರ್ಮಕ್ಕ ಜೆಲ್ ಒಗ್ಗಂಗಿಲ್ರಿ. ನಾ ಹಚ್ಚಂಗಿಲ್ಲ," ಅಂದೆ.

"ಒಂದ ದಿನ ತಡ್ಕೊಂತಾಳ, ಹಚ್ರಿ. ಫೋಟೋದಾಗ ಚಂದ ಕಾಣಬೇಕು. ಇಲ್ಲಾಂದ್ರ ಬ್ಯಾರೆ ಪಾರ್ಲರಿಗೆ ಹೋಗ್ತೀವಿ," ಅಂದರು ನಾದಿನಿ.

"ಹೋಗ್ರಿ," ಅಂದೆ.

ಅಷ್ಟರಲ್ಲಿ ಹುಡುಗಿಯೇ ಬಾಯಿಬಿಟ್ಟಳು. "ಅಕ್ಕಾರ, ಉರಿಯೋದು ನನ್ನ ಕೈ. ನಾ ಎಲ್ಲಿಗೂ ಬರಂಗಿಲ್ಲ."

ನನಗೆ ಹುಮ್ಮಸ್ಸು ಬಂತು. ಮೇಲೆ ಅಂಟಿಸುವ ಪ್ಲಾಸ್ಟಿಕ್ ಉಗುರುಗಳ ಮೇಲೆ ಗುಲಾಬಿ ಅರಳಿಸಿ, ಲ್ಯಾಂಪಿನಡಿ ಪೂರ್ತಿ ಗಟ್ಟಿಮಾಡಿದೆ. ಎರಡೂ ಬದಿ ಅಂಟುವ ಪಟ್ಟಿಯನ್ನು ಮೊದಲೇ ಹುಡುಗಿಯ ಒಂದು ಬೆರಳಿಗೆ ಹಚ್ಚಿ ಪರೀಕ್ಷಿಸಿ, ಮದುವೆ ದಿನ ಆ ಉಗುರುಗಳನ್ನು ಅದರಿಂದಲೇ ಕೂರಿಸಿದೆ. ಹಸಿ ಜೆಲ್ ಆಕೆಯ ಚರ್ಮಕ್ಕೆ ತಾಕಲೇ ಇಲ್ಲ.

ಮದುವೆ ಊಟಕ್ಕೆ ಕೂತಾಗ ಹುಡುಗಿ ಬಲಗೈಯ ಗುಲಾಬಿಗಳನ್ನೆಲ್ಲ ಮೆಲ್ಲಗೆ ಬಿಡಿಸಿ ನಾದಿನಿಯ ಅಂಗೈಗೆ ಹಾಕಿದಳು.

"ಅನ್ನ ಕಲಸಾಕ ಬರವಲ್ದು. ನೀವ ಹಾಕ್ಕೋರಿ ಅಕ್ಕಾರ."

ನಾದಿನಿ ಒಮ್ಮೆ ಸುತ್ತ ನೋಡಿ, ಹಾಕಿಕೊಂಡೇಬಿಟ್ಟರು. ಮದುವೆ ಆಲ್ಬಮ್ಮಿನಲ್ಲಿ ಈಗ ಅವರು ಊಟದ ನಂತರದ ಪ್ರತಿ ಫೋಟೋದಲ್ಲೂ ಉಗುರು ಕಾಣುವಂತೆ ಗಲ್ಲಕ್ಕೆ ಕೈ ಇಟ್ಟುಕೊಂಡೇ ನಿಂತಿದ್ದಾರೆ.