ಬಜೆ ತೇಯ್ದದ್ದು ನಾಲಿಗೆಗೆ

ನನ್ನ ತಮ್ಮ ಅಂಕಯ್ಯ ವೀರನಹೊಸಹಳ್ಳಿಯ ಕಾಡಂಚಿನಲ್ಲಿ ಅರಣ್ಯ ಇಲಾಖೆಯ ದಿನಗೂಲಿ ವಾಚರು. ಅವನು ಶಿಳ್ಳೆ ಹೊಡೆದರೆ ಮಡಿವಾಳ ಹಕ್ಕಿ ತನ್ನ ಜಾತಿಯವನೇ ಯಾವನೋ ಬಂದನೆಂದು ಜಗಳಕ್ಕೆ ಬರುತ್ತದೆ. ಅದೊಂದು ಜಂಬವೇ ಮಹಾರಾಯನಿಗೆ ಸಾಕಾಗಿತ್ತು.

ಅವನಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದವಳು ಸಿಂಧು. ಅವಳು ಒಂದು ಸಲ 'ಅಪ್ಪ' ಅನ್ನಲಿ ಎಂದು ಅವನು ಕಾದ. ಆರು ತುಂಬಿದರೂ ಮಾತಿಲ್ಲ. ನಿಧಾನಕ್ಕೆ ಬರುತ್ತದೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ನಾನೇ. ನಾಲಿಗೆ ದಪ್ಪ ಎಂದು ತೀರ್ಮಾನಿಸಿ, ದಿನಾ ಬೆಳಿಗ್ಗೆ ಬಜೆ ಬೇರು ತೇಯ್ದು ಆ ಮಗುವಿನ ನಾಲಿಗೆಗೆ ಹಚ್ಚಿದವಳೂ ನಾನೇ. ಖಾರಕ್ಕೆ ಪಾಪ ಮುಖ ಕಿವುಚುತ್ತಿದ್ದಳು. ಕರೆದರೆ ತಿರುಗುತ್ತಾಳಲ್ಲ ಎನ್ನುತ್ತಿದ್ದೆ. ಅವಳು ತಿರುಗುತ್ತಿದ್ದುದು ನಮ್ಮ ನೆರಳು ಕಂಡು ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಹೋದ ವರ್ಷ ಹಕ್ಕಿಗಳ ದನಿ ರೆಕಾರ್ಡ್ ಮಾಡಲು ಬಂದಿದ್ದ ಮೇಡಂ ಒಬ್ಬರ ಜೊತೆ ಅಂಕಯ್ಯ ಕಾಡಿಗೆ ಹೋಗಿದ್ದ. ಮಧ್ಯಾಹ್ನ ಬಂದವನು ನೀರೂ ಕುಡಿಯದೆ ಜಗಲಿಯ ಮೇಲೆ ಕೂತ.

"ಕೋತಿ ನಮ್ಗೆ ಅತ್ರದ ನೆಂಟ ಆದ್ರೂ ಮಾತು ಕಲಿಯಕಿಲ್ವಂತೆ ಕಣಕ್ಕ. ಹಕ್ಕಿ ಕುಲ ನಮ್ಮಿಂದ ಬ್ಯಾರೆಯಾಗಿ ಮೂವತ್ತು ಕೋಟಿ ವರ್ಸ ಆಗದಂತೆ. ಆದ್ರೂ ಅದ್ರ ಮರಿ ಥೇಟ್ ನಮ್ ಮಕ್ಳಂಗೆ, ಅಪ್ಪನ ದನಿ ಕೇಳಿ, ಮೊದ್ಲು ತೊದ್ಲಿ, ಆಮೇಕೆ ಹಾಡ್ತದಂತೆ."

"ಅದ್ಕೇನೀಗ?" ಎಂದೆ.

"ಕಿವಿ ಕೇಳ್ದಿರೋ ಮರಿಗೆ ಹಾಡೇ ಬರಕಿಲ್ವಂತೆ ಕಣಕ್ಕ. ನಾಲ್ಗೆ ಸರ್ಯಾಗಿದ್ರೂವೆ."

ಸಿಂಧು ಹಿತ್ತಲಲ್ಲಿ ಮಣ್ಣಾಡುತ್ತಿದ್ದಳು. ಅಂಕಯ್ಯ ಸದ್ದಿಲ್ಲದೆ ಅವಳ ಬೆನ್ನ ಹಿಂದೆ ನಿಂತು ಶಿಳ್ಳೆ ಹೊಡೆದ. ಬೇಲಿಯ ಮೇಲಿದ್ದ ಹಕ್ಕಿ ಉತ್ತರ ಕೊಟ್ಟಿತು. ಮಗಳು ತಿರುಗಲಿಲ್ಲ.

ಮೈಸೂರಿನ ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಹುಟ್ಟಿನಿಂದಲೂ ಕೇಳಿಸಿಲ್ಲ. ಎರಡು ವರ್ಷದೊಳಗೆ ಕರೆದುಕೊಂಡು ಬಂದಿದ್ದರೆ ಏನಾದರೂ ಮಾಡಬಹುದಿತ್ತು. ಮಾತು ಕಲಿಯುವ ಕಾಲ ದಾಟಿಹೋಗಿದೆ. ಇನ್ನು ಸನ್ನೆ ಭಾಷೆ ಕಲಿಸಿ," ಎಂದರು.

ಹುಣಸೂರಿನ ಬಸ್ಸಿನಲ್ಲಿ ತಡೆಯಲಾರದೆ, "ನನ್ನ ಉಗ್ದುಬುಡ್ಲಾ ಅಂಕಯ್ಯ," ಎಂದೆ.

"ಬುಡಕ್ಕ," ಎಂದ, ಅಷ್ಟೆ. ಬಿಳಿಕೆರೆ ದಾಟುವ ಹೊತ್ತಿಗೆ ಅವನ ಬಾಯಿ ಸೊಟ್ಟಗಾಗಿ ನಡುಗತೊಡಗಿತು. ಜನರಿದ್ದಾರೆಂದು ಅಳುವಿನ ದನಿ ಹೊರಡಿಸಲಿಲ್ಲ. ತೊಡೆಯ ಮೇಲಿದ್ದ ಸಿಂಧು ಕತ್ತೆತ್ತಿ ಅಪ್ಪನ ತುಟಿಗಳನ್ನೇ ನೋಡಿದಳು. ಆಮೇಲೆ ತನ್ನ ಬಾಯನ್ನೂ ಹಾಗೇ ಸೊಟ್ಟಗೆ ಮಾಡಿಕೊಂಡು, ಸರಿಯಾಯಿತೇ ಎಂಬಂತೆ ಅವನ ಮುಖ ನೋಡಿದಳು.