ದಿಮ್ಕಾ ಕೊಟ್ಟ ದೊಡ್ಡ ಅಳತೆ

ಬೆಟ್ಟದ ಮೇಲೆ ಚೀಸ್ ಮಾಡುತ್ತಿದ್ದ ಮತೆವ್ಜ್ ಯಾರನ್ನೂ ಬಾಯಿಬಿಟ್ಟು ಹೊಗಳಿದವನಲ್ಲ. ಆದರೆ ಉರ್ಶಾಳ ಹಾಲು ಬಂತೆಂದರೆ ಸೋಸುವ ಶಾಸ್ತ್ರವನ್ನೂ ಮಾಡದೆ ಕಡಾಯಿಗೆ ಸುರಿದುಬಿಡುತ್ತಿದ್ದ. ಉಳಿದವರ ಹಾಲಿನಲ್ಲಿ ಕೂದಲು, ಹುಲ್ಲುಕಡ್ಡಿ, ಒಮ್ಮೊಮ್ಮೆ ಸಗಣಿಯ ಚೂರು. ಉರ್ಶಾ ಮಾತ್ರ ಕೆಚ್ಚಲನ್ನು ಬಿಸಿನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಮೊದಲ ಹಿಂಡುಗಳನ್ನು ನೆಲಕ್ಕೆ ಬಿಟ್ಟು, ಆಮೇಲೆ ಪಾತ್ರೆ ಹಿಡಿಯುವವಳು. ಅವಳಿಗಿದ್ದದ್ದು ಒಂದೇ ಹಸು, ಹೊಗೆ ಬಣ್ಣದ ದಿಮ್ಕಾ. ಹಾಲು ಕಡಿಮೆ, ಆದರೆ ಗಟ್ಟಿ. ಕೆನೆ ಬೆರಳಿಗೆ ಅಂಟುತ್ತಿತ್ತು.

ಅಂಟಿದರೇನು ಬಂತು, ಅಳತೆಗೋಲಿಗೆ ಕೆನೆ ಕಾಣುವುದಿಲ್ಲ. ಟೊಲ್ಮಿನ್ ಕಡೆಯ ಬೆಟ್ಟಗಳಲ್ಲಿ ಬೇಸಿಗೆಗೆ ಊರ ಹಸುಗಳೆಲ್ಲ ಮೇಲೆ ಹೋಗುತ್ತವೆ, ಎಲ್ಲರ ಹಾಲೂ ಒಂದೇ ಕಡಾಯಿಗೆ ಬೀಳುತ್ತದೆ. ಬೆಟ್ಟ ಹತ್ತಿದ ಮೇಲೆ ಒಂದು ಸಂಜೆ ಪ್ರತಿ ಹಸುವಿನ ಹಾಲನ್ನೂ ಎಲ್ಲರೆದುರು ಕರೆದು, ಗೀರು ಹಾಕಿದ ಕೋಲನ್ನು ಪಾತ್ರೆಗೆ ಇಳಿಸಿ ನೋಡುತ್ತಾರೆ. ಬೇಸಿಗೆ ಮುಗಿದ ಮೇಲೆ ಯಾರಿಗೆಷ್ಟು ಚೀಸ್ ಎಂಬುದು ಆ ಒಂದು ಸಂಜೆಯ ಗೀರಿನ ಮೇಲೆ. ಆಮೇಲೆ ಹಸು ಬತ್ತಲಿ, ಕಣಿವೆಗೆ ಉರುಳಲಿ, ಪಾಲು ಪಾಲೇ. ಆದರೆ ಕೋಲಿನ ಎಲ್ಲಕ್ಕಿಂತ ಕೆಳಗಿನ ಗೀರನ್ನೂ ಮುಟ್ಟದ ಹಸುವಿಗೆ ಮುಂದಿನ ವರ್ಷ ಬೆಟ್ಟದಲ್ಲಿ ಜಾಗವಿಲ್ಲ. ಹಿರಿಯರು ಮಾಡಿದ ಕಟ್ಟಳೆ ಅದು. ಆ ಹಿರಿಯರ ಕೊಟ್ಟಿಗೆಯಲ್ಲಿ ತುಂಬ ಹಸುಗಳಿದ್ದವು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಹಿಂದಿನ ವರ್ಷ ದಿಮ್ಕಾಳ ಹಾಲು ಆ ಗೀರನ್ನು ಕೂದಲೆಳೆಯಷ್ಟರಲ್ಲಿ ಮುಟ್ಟಿತ್ತು. ಪಕ್ಕದ ಮನೆಯ ಕಾತ್ರಾ, ಕೊಟ್ಟಿಗೆ ತುಂಬ ಹಸುಗಳಿದ್ದವಳು, ಕೋಲನ್ನು ಬಗ್ಗಿ ನೋಡಿ, "ಏನೇ ಉರ್ಶಾ, ನಿನ್ ಹಸು ಹಾಲು ಕೊಡ್ತದೋ, ಪಾದ್ರಿ ಚಿಮುಕಿಸೋ ತೀರ್ಥ ಕೊಡ್ತದೋ?" ಎಂದಿದ್ದಳು. ಎಲ್ಲರೂ ನಕ್ಕರು, ಉರ್ಶಾಳೂ ನಕ್ಕಳು. ಮನೆಗೆ ಬಂದ ಮೇಲೆ ನಗಲಿಲ್ಲ. ಗಂಡ ಗಾಷ್ಪರ್ ಪಾದರಸದ ಗಣಿಯಲ್ಲಿ ದುಡಿದು ದುಡಿದು ಕೈನಡುಕ ಹತ್ತಿಸಿಕೊಂಡು ಮೂಲೆ ಹಿಡಿದಿದ್ದ. ಚಮಚ ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು, ಹಾಗಾಗಿ ಅವಳೇ ತಿನ್ನಿಸುತ್ತಿದ್ದಳು. ಅವರ ತುಂಡು ಹುಲ್ಲುಗಾವಲು ಚಳಿಗಾಲದ ಒಣಹುಲ್ಲಿಗೇ ಸಾಲದು. ಬೆಟ್ಟ ತಪ್ಪಿದರೆ ದಿಮ್ಕಾ ಕೊಟ್ಟಿಗೆಯಲ್ಲಿ ಉಳಿಯುವುದಿಲ್ಲ. ದಿಮ್ಕಾ ಹೋದರೆ ಮೆಕ್ಕೆಜೋಳದ ಮುದ್ದೆಗೆ ನೆಂಚಿಕೊಳ್ಳಲು ಉಪ್ಪೇ ಗತಿ.

ಅಳತೆಗೆ ಮುಂಚೆ, ಹಾಲು ಹೆಚ್ಚಲೆಂದು ಹಸುವಿಗೆ ಹಿಟ್ಟು ತಿನ್ನಿಸಕೂಡದು. ಎಲ್ಲರೂ ಹಾಗೆಂದು ಮಾತು ಕೊಟ್ಟೇ ಬೆಟ್ಟ ಹತ್ತುತ್ತಿದ್ದರು. ಆದರೂ ಒಮ್ಮೆ ಕಾತ್ರಾಳ ಹಸುವೊಂದರ ಮೂತಿಯಲ್ಲಿ ಬಿಳಿ ಧೂಳನ್ನು ಉರ್ಶಾ ಕಣ್ಣಾರೆ ಕಂಡಿದ್ದಳು. ಈ ಸಲ ಅವಳೂ ಕಂಬಳಿಯೊಳಗೆ ಬಾರ್ಲಿ ಹಿಟ್ಟಿನ ಚೀಲ ಸುತ್ತಿ ತಂದಳು. ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂದು ಕೇಳುವುದಾದರೂ ಯಾರನ್ನು? ಯಾರೂ ಮಾಡದ ಕೆಲಸವಲ್ಲವೇ ಅದು! ಅಳತೆಯ ಹಿಂದಿನ ಸಂಜೆ ಒಂದು ಬಕೆಟ್ ಹಿಟ್ಟಿಗೆ ಉಪ್ಪು ಬೆರೆಸಿ ಇಟ್ಟಳು. ಹುಟ್ಟಿದಾಗಿನಿಂದ ಹುಲ್ಲು ಬಿಟ್ಟು ಬೇರೇನೂ ಕಾಣದ ದಿಮ್ಕಾ ಬಕೆಟ್ಟಿನ ತಳ ನೆಕ್ಕಿತು. ಬೆಳಿಗ್ಗೆ ಇನ್ನೊಂದು ಇಟ್ಟಳು. ಅದು ತಿನ್ನುವುದನ್ನು ನೋಡಿ ಅವಳಿಗೆ ಸಂತೋಷವೇ ಆಯಿತು, ಪಾಪ.

ಆ ಸಂಜೆ ಕೋಲು ಎತ್ತಿದಾಗ ಹಾಲು ಕೆಳಗಿನ ಗೀರನ್ನು ದಾಟಿ ಎಷ್ಟೋ ಮೇಲೆ ನಿಂತಿತ್ತು. ಕಾತ್ರಾ ತೀರ್ಥದ ಮಾತೆತ್ತಲಿಲ್ಲ. ಮತೆವ್ಜ್ ಬೆರಳದ್ದಿ ನೋಡಿ, ಹಾಲು ಈ ಸಲ ತೆಳುವಾಗಿದೆಯಲ್ಲ ಎಂದಷ್ಟೇ ಅಂದ.

ಮರುದಿನ ಬೆಳಿಗ್ಗೆ ದಿಮ್ಕಾ ಏಳಲಿಲ್ಲ. ಹೊಟ್ಟೆ ಉಬ್ಬಿತ್ತು, ಕಿವಿಗಳು ತಣ್ಣಗಿದ್ದವು, ಹಲ್ಲು ಕಡಿಯುತ್ತಿತ್ತು. ಸಗಣಿ ನೀರಾಗಿ ಹುಳಿ ನಾರುತ್ತಿತ್ತು. ಮತೆವ್ಜ್ ಸೋಡಾ ಕದಡಿ ಕುಡಿಸಿದ, ಬೆನ್ನು ತಿಕ್ಕಿದ, ಎಬ್ಬಿಸಿ ನಡೆಸಲು ನಾಲ್ವರನ್ನು ಹಚ್ಚಿದ. ಹಸು ಮೊಣಕಾಲೂರಿ ಮತ್ತೆ ಕುಸಿಯಿತು. ಏನು ತಿಂದಿತ್ತು ಎಂದು ಅವನು ಕೇಳಿದಾಗ ಉರ್ಶಾ ಹುಲ್ಲು ಎಂದಳು. ಮತ್ತೆ ಕೇಳಿದ. ಮತ್ತೆ ಹುಲ್ಲೇ ಎಂದಳು. ನಿಜ ಹೇಳಿದ್ದರೂ ಆ ಹೊತ್ತಿಗೆ ಹಸು ಉಳಿಯುತ್ತಿರಲಿಲ್ಲವೇನೋ. ಆದರೆ ಆ ಎರಡನೆಯ "ಹುಲ್ಲು" ಅವಳನ್ನು ಸಾಯುವತನಕ ಬಿಡಲಿಲ್ಲ.

ಮಧ್ಯಾಹ್ನ ಕತ್ತಿ ಹಾಕಲೇಬೇಕಾಯಿತು. ಹೊಟ್ಟೆ ಸೀಳಿದಾಗ ಹುಳಿತ ಗಂಜಿಯಂತೆ ಬಾರ್ಲಿ ಹಿಟ್ಟು ನೆಲಕ್ಕೆ ಸುರಿಯಿತು. ಸುತ್ತ ನಿಂತ ಎಲ್ಲರೂ ಕಂಡರು. ಉರ್ಶಾ ತಲೆ ತಗ್ಗಿಸಿ ಬೈಗುಳಕ್ಕೆ ಕಾದು ನಿಂತಳು. ಒಬ್ಬರೂ ಬಾಯಿ ತೆರೆಯಲಿಲ್ಲ. ಕುಂಬಳಕಾಯಿ ಕಳ್ಳ ಯಾರು ಎಂದು ಕೇಳಿದ್ದರೆ ಅಲ್ಲಿದ್ದವರೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳಬೇಕಿತ್ತು. ಅವಳ ಅಳತೆ ಸುಳ್ಳಾದರೆ ಉಳಿದವರದ್ದು ಯಾವ ಬಾಯಲ್ಲಿ ನಿಜವಾದೀತು?

ಕೊನೆಗೆ ಮತೆವ್ಜ್ ಸಲಿಕೆಯಿಂದ ಆ ಹಿಟ್ಟಿನ ಮೇಲೆ ಮಣ್ಣೆಳೆದ. "ವಿಷದ ಸೊಪ್ಪು ತಿಂದಿರ್ಬೇಕು," ಅಂದ.

ಹೌದು, ವಿಷದ ಸೊಪ್ಪೇ ಎಂದು ಎಲ್ಲರೂ ಒಪ್ಪಿದರು. ಕಾತ್ರಾ ಎಲ್ಲರಿಗಿಂತ ಮೊದಲು ಒಪ್ಪಿದಳು.

ಪಾಲು ಹಂಚುವ ದಿನ ಉರ್ಶಾಳಿಗೆ ಬಂದಷ್ಟು ಚೀಸ್ ಅವಳ ಜೀವಮಾನದಲ್ಲೇ ಬಂದಿರಲಿಲ್ಲ. ಬೇಸಿಗೆಯೆಲ್ಲ ಬೇರೆಯವರ ಹಸುಗಳು ಕೊಟ್ಟ ಹಾಲು ಅದು. ಬೇಡ ಎಂಬ ಮಾತು ಬಾಯಿಯವರೆಗೂ ಬಂತು. ಮನೆಯಲ್ಲಿ ಗಾಷ್ಪರ್ ಕೂತಿದ್ದಾನಲ್ಲ ಎಂದು ಸುಮ್ಮನಾದಳು. ಈ ಚಳಿಗಾಲ ಹೊಟ್ಟೆ ತುಂಬುತ್ತದೆ, ಮುಂದಿನದಕ್ಕೆ ಹಸುವೂ ಇಲ್ಲ, ಬೆಟ್ಟವೂ ಇಲ್ಲ. ಹೊರೆ ಒಬ್ಬಳಿಂದ ಆಗದೆ ಕಾತ್ರಾ ಅರ್ಧ ಹೊತ್ತುಕೊಂಡಳು. ಇಳಿಜಾರಿನಲ್ಲಿ ಅರ್ಧ ದಾರಿ ಇಳಿದರು. ಆಮೇಲೆ ಕಾತ್ರಾ ಮುಂದೆ ನೋಡುತ್ತಲೇ ಶುರುಮಾಡಿದಳು.

"ಒಂದ್ ಮುಷ್ಟಿಯಿಂದ ಶುರು ಮಾಡ್ಬೇಕಿತ್ತು ಕಣೇ. ಈಸ್ಟರ್ ಕಳೆದ್ ಕೂಡ್ಲೇ ದಿನಕ್ಕೊಂದು ಮುಷ್ಟಿ, ಆಮೇಲೆ ಎರಡು. ಅದೂ ಹೊಟ್ಟೆ ತುಂಬ ಒಣಹುಲ್ಲು ತಿಂದ್ ಮೇಲೆ. ಒಂದೇ ಸಲಕ್ಕೆ ಬಕೆಟ್ ಸುರಿದ್ರೆ ಯಾವ ಹಸು ತಡ್ಕೊಳ್ತದೆ?"

ಉರ್ಶಾ ನಿಂತುಬಿಟ್ಟಳು. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕಾ?"

"ನೀನು ಕೇಳ್ಲಿಲ್ಲ."

"ಕೇಳಿದ್ರೆ ಹೇಳ್ತಿದ್ರಾ?"

ಕಾತ್ರಾ ಹೊರೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ಇಲ್ಲ," ಅಂದಳು.