ಎಂಟು ಹೆಸರಿನ ಒಂದೇ ರಕ್ತ

"ಜ್ವರ ಬಂದಾವೇನ್ರಿ?" ಅಂತ ಕೇಳುವುದೇ ನನ್ನ ನೌಕರಿ. ಎಪ್ಪತ್ತರ ದಶಕದ ನಡುವೆ, ಸಿಂದಗಿ ತಾಲೂಕಿನ ದೇವಣಗಾಂವಿನಲ್ಲಿ, ಹದಿನೈದು ದಿನಕ್ಕೊಮ್ಮೆ ಪ್ರತಿ ಬಾಗಿಲಿಗೂ ಹೋಗಿ ಕೇಳುತ್ತಿದ್ದೆ. ಜ್ವರ ಬಂದವರಿದ್ದರೆ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿಗೆ ಸವರಿ, ಮಲೇರಿಯಾ ಇದೆಯೋ ಇಲ್ಲವೋ ನೋಡಲು ಆಸ್ಪತ್ರೆಗೆ ಕಳಿಸಬೇಕು. ಹೆಚ್ಚಿನ ಮನೆಗಳಲ್ಲಿ ಸಿಗುತ್ತಿದ್ದ ಉತ್ತರ "ಇಲ್ರಿ". ಗೋಡೆಯ ಮೇಲೆ ಪೆನ್ಸಿಲಿನಿಂದ ತಾರೀಖು ಬರೆದು ಮುಂದಿನ ಮನೆಗೆ ಹೋಗುವುದು. ಕೆಲವು ದಿನ ಆ ಒಂದು ಪ್ರಶ್ನೆ ಬಿಟ್ಟು ಬೇರೆ ಮಾತೇ ನನ್ನ ಬಾಯಿಂದ ಬರುತ್ತಿರಲಿಲ್ಲ. ನನ್ನೂರು ಮುಳವಾಡ. ಅಲ್ಲಿ ನನ್ನ ಬಾಯಿ ಮುಚ್ಚಿಸಲು ಅವ್ವ ಬೈಯಬೇಕಾಗುತ್ತಿತ್ತು.

ಆಸ್ಪತ್ರೆಯ ಗೋಡೆಗೆ ಡಾಕ್ಟರು ಒಂದು ನಕ್ಷೆ ಹಚ್ಚಿದ್ದರು. ತಿಂಗಳು ತಿಂಗಳಿಗೆ ಯಾವ ಊರಲ್ಲಿ ಎಷ್ಟು ಮಲೇರಿಯಾ ಅಂತ ಗೆರೆ ಎಳೆಯುವುದು. ದೇವಣಗಾಂವಿನ ಗೆರೆ ನೆಲ ಹಿಡಿದು ಮಲಗಿತ್ತು, ಅವರಿಗೆ ಅದೇ ಹೆಮ್ಮೆ. ಆದರೆ ರಕ್ತದ ಗಾಜುಗಳು ಮಾತ್ರ ತಿಂಗಳಿಗೆ ಇಷ್ಟು ಅಂತ ಬರಲೇಬೇಕು, ಕಡಿಮೆಯಾದರೆ ಬೈಗುಳ.

ಹಿಂಗಾರಿ ಬಿತ್ತನೆ ಶುರುವಾಯಿತು. ಊರಿಗೆ ಊರೇ ಹೊಲದಲ್ಲಿ. ಒಂದು ಮಧ್ಯಾಹ್ನ ಸಾಲಾಗಿ ಎಂಟು ಮನೆಗೆ ಬೀಗ ಕಂಡು ಸಿಟ್ಟು ನೆತ್ತಿಗೇರಿತು. ಬೇವಿನ ಗಿಡದ ಕೆಳಗೆ ಕೂತು ನನ್ನದೇ ಬೆರಳಿಗೆ ಚುಚ್ಚಿಕೊಂಡೆ. ಎಂಟು ಗಾಜಿಗೆ ಸವರಿ ಆ ಮನೆಯವರ ಹೆಸರು ಬರೆದೆ. ಮೈಕೈ ನೋವಿತ್ತು, ಸೈಕಲ್ ತುಳಿದದ್ದಕ್ಕೆ ಅಂದುಕೊಂಡೆ. ನನಗೂ ಮಲೇರಿಯಾ ಬರಬಹುದೆಂದು ಒಮ್ಮೆಯೂ ಅನಿಸಿರಲಿಲ್ಲ. ಆಗ ನಾಚಿಕೆಯೂ ಆಗಲಿಲ್ಲ, ಈಗ ಆಗುತ್ತದೆ.

ಎರಡು ವಾರದ ಮೇಲೆ ಡಾಕ್ಟರು ಜೀಪಿನಿಂದ ಇಳಿದರು. ಎಂಟಕ್ಕೆ ಎಂಟೂ ಮಲೇರಿಯಾ ಅಂದರು. ನಕ್ಷೆಯ ಗೆರೆ ಒಮ್ಮೆಲೇ ಎದ್ದು ನಿಂತಿತ್ತಂತೆ. ಎಂಟು ಜನರಿಗೆ ಗುಳಿಗೆ ತಂದಿದ್ದರು, ಮನೆ ತೋರಿಸು ಅಂದರು. ಆ ಎರಡು ವಾರ ನನಗೆ ದಿನ ಬಿಟ್ಟು ದಿನ ನಡುಕ ಬರುತ್ತಿತ್ತು, ಅವತ್ತೂ ಬಂದು ಹೋಗಿ ಮೈ ಸುಡುತ್ತಿತ್ತು. ಎಂಟೂ ಗಾಜಿನ ಜ್ವರ ಯಾರದೆಂದು ನನಗೆ ಆಗ ತಿಳಿಯಿತು. ಹೇಳಿದರೆ ನೌಕರಿ ಹೋಗುತ್ತದೆ, ಹೇಳದಿದ್ದರೆ ಗುಳಿಗೆ ತಿನ್ನುವವರ ಯಾದಿಯಲ್ಲಿ ನನ್ನ ಹೆಸರಿಲ್ಲ. ಹಲ್ಲು ಕಚ್ಚಿ ನಡೆದೆ.

ಮೊದಲ ಮನೆಯಾಕೆ ಗುಳಿಗೆ ಬೇಡವೆಂದಳು. "ನನಗ ಜ್ವರಾನ ಬಂದಿಲ್ರಿ. ಬೆರಳಿಗೆ ಯಾರೂ ಚುಚ್ಚಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. ಆಕೆಯೂ ನೋಡಿದಳು. ಹತ್ತಿರ ಬಂದು ನನ್ನ ಹಣೆಗೆ ಕೈ ಇಟ್ಟಳು.

"ಸಾಹೇಬ್ರ, ಜ್ವರ ಬಂದಾವ ಈ ತಮ್ಮಗ. ಮೈ ಕೆಂಡ ಆಗೇತಿ."

ವರ್ಷದಿಂದ ಊರನ್ನೆಲ್ಲ ಕೇಳುತ್ತ ತಿರುಗಿದ್ದೆ. ನನ್ನ ಜ್ವರ ಕಂಡವಳು ಆಕೆಯೊಬ್ಬಳೇ. ಅತ್ತುಬಿಟ್ಟೆ, ನಿಂತಲ್ಲೇ ಎಲ್ಲ ಒಪ್ಪಿಕೊಂಡೆ. ಡಾಕ್ಟರು ಬೈಯಲಿಲ್ಲ, ಆಕೆಯ ಹೆಸರಿನ ಗುಳಿಗೆಯನ್ನು ನನ್ನ ಕೈಗೆ ಹಾಕಿದರು. ಆಕೆ ನೀರು ತಂದಳು.

"ಜ್ವರ ಬಿಟ್ಟ ಮ್ಯಾಲ ಬಂದು ಹೇಳಪಾ," ಅಂದಳು.

ನೌಕರಿ ಹೋಗಲಿಲ್ಲ. ಮರುವಾರ ಇಂಡಿ ತಾಲೂಕಿನ ತಾಂಬಾಕ್ಕೆ ಹಾಕಿದರು. ಹೊರಡುವಾಗ ನಕ್ಷೆ ನೋಡಿದೆ. ರಬ್ಬರಿನಿಂದ ಉಜ್ಜಿ, ಗೆರೆಯನ್ನು ಎಂಟರಿಂದ ಒಂದಕ್ಕೆ ಇಳಿಸಿದ್ದರು. ತಾಂಬಾದಲ್ಲಿ ಮತ್ತೆ ಬಾಗಿಲು, ಮತ್ತೆ ಅದೇ ಪ್ರಶ್ನೆ, ಮತ್ತೆ "ಇಲ್ರಿ". ಅಷ್ಟರಲ್ಲಿ ನನ್ನ ಜ್ವರ ಬಿಟ್ಟಿತ್ತು. ಅದನ್ನು ಆಕೆಗೆ ಹೇಳಲು ನಾನು ಯಾವತ್ತೂ ಹೋಗಲಿಲ್ಲ.